ಸೈಂಟಿಫಿಕ್ ಕಂಪ್ಯೂಟಿಂಗ್‌ನಲ್ಲಿ ಸ್ನಾತಕೋತ್ತರ ಪದವಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸೇರಬೇಕೋ ಬೇಡವೋ ಎಂದು ಯೋಚಿಸುತ್ತಿರುವವರು, ಸೇರಿ ಮೊದಲ ಸೆಮಿಸ್ಟರ್‌ನಲ್ಲೇ ತಬ್ಬಿಬ್ಬಾದವರು, ಮಕ್ಕಳು ಅದೇನು ಓದಲು ಹೊರಟಿದ್ದಾರೆಂದು ತಿಳಿಯದ ಅಪ್ಪ-ಅಮ್ಮಂದಿರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಕ್ರಮವಾಗಿಯೇ ಓದಬೇಕೆಂದಿಲ್ಲ. ಒಂದನ್ನೇ ಓದುವಷ್ಟು ಸಮಯವಿದ್ದರೆ ದೋಷಗಳ ಬಗೆಗಿನ ಪ್ರಶ್ನೆಯನ್ನು ಓದಿ.

ಅಷ್ಟಕ್ಕೂ ಇದರಲ್ಲಿ ಕಲಿಸುವುದೇನು?

ರೆಕ್ಕೆಯ ಸುತ್ತ ಗಾಳಿ ಹೇಗೆ ಹರಿಯುತ್ತದೆ, ಸೇತುವೆಯ ಮೇಲೆ ಭಾರ ಬಿದ್ದರೆ ಎಲ್ಲಿ ಬಿರುಕು ಬಿಡುತ್ತದೆ, ಔಷಧದ ಅಣು ಪ್ರೋಟೀನಿಗೆ ಹೇಗೆ ಅಂಟಿಕೊಳ್ಳುತ್ತದೆ — ಇಂಥವುಗಳಿಗೆ ಸಮೀಕರಣ ಬರೆಯಬಹುದು, ಆದರೆ ಕೈಯಲ್ಲಿ ಬಿಡಿಸಲಾಗದು. ಅವನ್ನು ಕಂಪ್ಯೂಟರಿಗೆ ಒಗ್ಗುವ ರೂಪಕ್ಕೆ ತಂದು, ಬಿಡಿಸಿ, ಬಂದ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ಹೇಳುವುದೇ ಈ ವಿದ್ಯೆ.

ಒಂದು ಉದಾಹರಣೆ. ಲೋಹದ ಸರಳೊಂದರ ತುದಿಯನ್ನು ಕಾಯಿಸಿದ್ದೀರಿ. ಸ್ವಲ್ಪ ಹೊತ್ತಿನ ನಂತರ ನಡುಭಾಗ ಎಷ್ಟು ಬಿಸಿಯಾಗಿರುತ್ತದೆ ಎಂದು ತಿಳಿಯಬೇಕು. ಸರಳನ್ನು ನೂರು ತುಂಡುಗಳೆಂದು ಭಾವಿಸಿ, ಕಾಲವನ್ನೂ ಸಣ್ಣ ಹೆಜ್ಜೆಗಳಾಗಿ ಕತ್ತರಿಸಿ, ಪ್ರತಿ ಹೆಜ್ಜೆಯಲ್ಲೂ ಅಕ್ಕಪಕ್ಕದ ತುಂಡುಗಳನ್ನು ನೋಡಿ ಹೊಸ ಉಷ್ಣತೆಯನ್ನು ಲೆಕ್ಕ ಹಾಕುತ್ತೀರಿ. ಹತ್ತು ಸಾಲಿನ ಪ್ರೋಗ್ರಾಂ ಸಾಕು. ಇನ್ನಷ್ಟು ನಿಖರವಾಗಲಿ ಎಂದು ತುಂಡಿನ ಉದ್ದವನ್ನು ಅರ್ಧ ಮಾಡಿ ನೋಡಿ. ಇದ್ದಕ್ಕಿದ್ದಂತೆ ಒಂದು ಕಡೆ ಸಾವಿರಾರು ಡಿಗ್ರಿ, ಅದರ ಪಕ್ಕದಲ್ಲೇ ಸೊನ್ನೆಗಿಂತ ಸಾವಿರಾರು ಡಿಗ್ರಿ ಕೆಳಗೆ! ಪ್ರೋಗ್ರಾಂನಲ್ಲಿ ತಪ್ಪೇನೂ ಇಲ್ಲ. ಈ ವಿಧಾನದಲ್ಲಿ ತುಂಡು ಅರ್ಧವಾದರೆ ಕಾಲದ ಹೆಜ್ಜೆ ನಾಲ್ಕನೇ ಒಂದಾಗಬೇಕು. ಅಂದರೆ ಕೆಲಸ ಎಂಟು ಪಟ್ಟು. ಸರಳಿನ ಬದಲು ಮೂರು ಆಯಾಮದ ಲೋಹದ ಗಟ್ಟಿ ಇದ್ದರೆ ಮೂವತ್ತೆರಡು ಪಟ್ಟು. ಈ ನಿರ್ಬಂಧವೇ ಇಲ್ಲದ ಬೇರೆ ವಿಧಾನವೂ ಇದೆ, ಆದರೆ ಅದರಲ್ಲಿ ಪ್ರತಿ ಹೆಜ್ಜೆಗೂ ಒಂದು ದೊಡ್ಡ ಸಮೀಕರಣಗಳ ಗುಂಪನ್ನು ಬಿಡಿಸಬೇಕು. ಹತ್ತು ಲಕ್ಷ ಅಜ್ಞಾತಗಳಿರುವ ಗುಂಪನ್ನು ಬಿಡಿಸುವುದು ಹೇಗೆ? ಅದು ಮುಂದಿನ ಸೆಮಿಸ್ಟರ್. ಪಠ್ಯಕ್ರಮ ಹೀಗೆಯೇ ಒಂದು ತೊಂದರೆಯ ಬಾಲ ಹಿಡಿದು ಇನ್ನೊಂದಕ್ಕೆ ಹೋಗುತ್ತದೆ.

ಇದು ಇತ್ತೀಚಿನ ವಿಷಯವಾ?

ಕಂಪ್ಯೂಟರಿಗಿಂತ ಹಳೆಯದು. ಲೂಯಿ ಫ್ರೈ ರಿಚರ್ಡ್‌ಸನ್ ಎಂಬಾತ 1910ರ ಒಂದು ದಿನದ ಹವಾಮಾನವನ್ನು ಸಮೀಕರಣಗಳಿಂದ ಕೈಯಲ್ಲೇ ಲೆಕ್ಕ ಹಾಕಲು ಹೊರಟು, ಅದನ್ನು 1922ರಲ್ಲಿ ಪ್ರಕಟಿಸಿದ. ಆರು ಗಂಟೆಯಲ್ಲಿ ವಾಯುಭಾರ 145 ಹೆಕ್ಟೊಪ್ಯಾಸ್ಕಲ್ ಏರುತ್ತದೆ ಎಂದು ಬಂತು. ಆ ದಿನ ನಿಜಕ್ಕೂ ವಾಯುಭಾರ ಹೆಚ್ಚುಕಡಿಮೆ ಅಲುಗಾಡಿರಲಿಲ್ಲ. ದೋಷ ಆತನ ಗುಣಾಕಾರದಲ್ಲಿರಲಿಲ್ಲ, ಆರಂಭದ ಅಂಕಿಅಂಶಗಳಲ್ಲಿದ್ದ ಅಸಮತೋಲನದಲ್ಲಿತ್ತು. 1950ರಲ್ಲಿ ಎನಿಯಾಕ್ ಎಂಬ ಆರಂಭಿಕ ಕಂಪ್ಯೂಟರಿನ ಮೇಲೆ ಚಾರ್ನಿ, ಫ್ಯೋರ್ಟಾಫ್ಟ್, ಫಾನ್ ನಾಯ್ಮನ್ ಸಮೀಕರಣಗಳನ್ನು ಸರಳಗೊಳಿಸಿ ಮಾಡಿದ ಮುನ್ಸೂಚನೆಗಳು ವಾಸ್ತವಕ್ಕೆ ಹತ್ತಿರ ಬಂದವು. ಒಂದೇ ತಮಾಷೆ: ನಾಳೆಯ ಹವಾಮಾನ ಹೇಳಲು ಯಂತ್ರಕ್ಕೆ ಸುಮಾರು ನಾಳೆಯವರೆಗೇ ಬೇಕಾಗುತ್ತಿತ್ತು.

ಕಂಪ್ಯೂಟರ್ ಸೈನ್ಸ್‌ಗೂ ಇದಕ್ಕೂ ಏನು ವ್ಯತ್ಯಾಸ? ಡೇಟಾ ಸೈನ್ಸ್?

ಕಂಪ್ಯೂಟರ್ ಸೈನ್ಸ್‌ನಲ್ಲಿ ಕಂಪ್ಯೂಟರೇ ವಿಷಯ: ಆಪರೇಟಿಂಗ್ ಸಿಸ್ಟಂ, ಕಂಪೈಲರ್, ನೆಟ್‌ವರ್ಕ್, ಡೇಟಾಬೇಸ್. ಇಲ್ಲಿ ಕಂಪ್ಯೂಟರ್ ಉಪಕರಣ. ವಿಷಯ ಅದರಾಚೆಗಿನ ಭೌತಿಕ ಜಗತ್ತು. ಡೇಟಾ ಸೈನ್ಸ್‌ನವರು ದತ್ತಾಂಶದಿಂದ ಹೊರಟು ನಿಯಮ ಹುಡುಕುತ್ತಾರೆ. ನಾವು ನಿಯಮದಿಂದ ಹೊರಟು ಅಂಕಿಗಳಿಗೆ ಬರುತ್ತೇವೆ. ಎರಡರ ನಡುವಿನ ಬೇಲಿ ಈಗ ಸಾಕಷ್ಟು ತಗ್ಗಿದೆ, ಹಲವು ವಿಷಯಗಳು ಎರಡೂ ಕಡೆ ಇವೆ. ಆದರೂ ಅವಕಲ ಸಮೀಕರಣ ಕಂಡರೆ ಮೈ ಜುಮ್ಮೆನ್ನುವವರಿಗೆ ಇದು, ಕಂಡರೆ ಓಡಿಹೋಗುವವರಿಗೆ ಅದು.

ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಹೆಸರಿದೆಯಲ್ಲ?

ಹೌದು. ಹೈಡೆಲ್‌ಬರ್ಗ್‌ನಲ್ಲಿ ಸೈಂಟಿಫಿಕ್ ಕಂಪ್ಯೂಟಿಂಗ್ ಎನ್ನುತ್ತಾರೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕಂಪ್ಯುಟೇಷನಲ್ ಸೈನ್ಸ್ ಅಂಡ್ ಎಂಜಿನಿಯರಿಂಗ್, ಎಡಿನ್‌ಬರೊದಲ್ಲಿ ಹೈ ಪರ್ಫಾರ್ಮೆನ್ಸ್ ಕಂಪ್ಯೂಟಿಂಗ್. ಹೆಸರನ್ನು ಬಿಡಿ, ಕಡ್ಡಾಯ ವಿಷಯಗಳ ಪಟ್ಟಿ ನೋಡಿ. ನ್ಯೂಮರಿಕಲ್ ಲೀನಿಯರ್ ಆಲ್ಜೀಬ್ರಾ ಮತ್ತು ಅವಕಲ ಸಮೀಕರಣಗಳ ಸಂಖ್ಯಾತ್ಮಕ ಪರಿಹಾರ ಎರಡೂ ಕಡ್ಡಾಯವಾಗಿದ್ದರೆ ನೀವು ಹುಡುಕುತ್ತಿರುವುದು ಅದನ್ನೇ. ಎರಡೂ ಐಚ್ಛಿಕವಾಗಿದ್ದರೆ ಅದು ಬೇರೆ ಏನೋ ಕೋರ್ಸ್, ಹೆಸರು ಏನಿದ್ದರೂ. ಯಾವ ವಿಭಾಗದಡಿ ಬರುತ್ತದೆ ಎಂಬುದನ್ನೂ ಗಮನಿಸಿ: ಗಣಿತ ವಿಭಾಗದವರು ಪ್ರಮೇಯಗಳನ್ನು ಸಾಧಿಸಲು ಹೇಳುತ್ತಾರೆ, ಎಂಜಿನಿಯರಿಂಗ್‌ನವರು ಪ್ರೋಗ್ರಾಂ ಓಡಿಸಿ ತೋರಿಸಲು ಹೇಳುತ್ತಾರೆ.

ಗಣಿತ ಎಷ್ಟು ಗೊತ್ತಿರಬೇಕು?

ಕಲನಶಾಸ್ತ್ರ, ಲೀನಿಯರ್ ಆಲ್ಜೀಬ್ರಾ, ಸಾಮಾನ್ಯ ಅವಕಲ ಸಮೀಕರಣ, ಸ್ವಲ್ಪ ಸಂಭವನೀಯತೆ. ಇವುಗಳಲ್ಲಿ ಲೀನಿಯರ್ ಆಲ್ಜೀಬ್ರಾವನ್ನು ಮಾತ್ರ ಅರೆಬರೆ ಕಲಿತು ಬರಬೇಡಿ. ಮೂರು ಅಡ್ಡಸಾಲಿನ ಮ್ಯಾಟ್ರಿಕ್ಸ್‌ನ ಡಿಟರ್ಮಿನೆಂಟ್ ಕಂಡುಹಿಡಿಯಲು ಬಂದರೆ ಸಾಲದು. ಮ್ಯಾಟ್ರಿಕ್ಸ್ ಎಂದರೆ ಒಂದು ಅವಕಾಶವನ್ನು (ಸ್ಪೇಸ್) ಹಿಗ್ಗಿಸುವ, ತಿರುಗಿಸುವ, ಚಪ್ಪಟೆ ಮಾಡುವ ಕ್ರಿಯೆ ಎಂದು ಕಣ್ಣಿಗೆ ಕಾಣಬೇಕು. ಐಗೆನ್ ಮೌಲ್ಯ ಎಂದರೇನೆಂದು ಸೂತ್ರ ಬಳಸದೆ ಹೇಳಲು ಬಂದರೆ ನೀವು ಸಿದ್ಧ.

ಭೌತಶಾಸ್ತ್ರ, ಮೆಕ್ಯಾನಿಕಲ್, ಸಿವಿಲ್ ಓದಿ ಬಂದವರಿಗೆ ಸಾಮಾನ್ಯವಾಗಿ ಸಮೀಕರಣಗಳ ಅರ್ಥ ಗೊತ್ತು, ಸಾಧನೆ ಬರೆಯುವ ಅಭ್ಯಾಸ ಇರುವುದಿಲ್ಲ. ಗಣಿತದವರಿಗೆ ಇದು ತಿರುಗಾಮುರುಗಾ. ಮೊದಲ ಸೆಮಿಸ್ಟರ್‌ನಲ್ಲಿ ಇಬ್ಬರೂ ಪರದಾಡುತ್ತಾರೆ. ಬುದ್ಧಿವಂತರು ಅಕ್ಕಪಕ್ಕ ಕೂತು ಓದುತ್ತಾರೆ.

ಪ್ರೋಗ್ರಾಮಿಂಗ್ ಅಷ್ಟಾಗಿ ಬರುವುದಿಲ್ಲ. ನಡೆಯುತ್ತದಾ?

ಒಂದು ಭಾಷೆಯಲ್ಲಿ ಲೂಪ್, ಫಂಕ್ಷನ್, ಅರೇ ಬಳಸಿ ಐವತ್ತು ಸಾಲು ಬರೆಯಲು ಬಂದರೆ ನಡೆಯುತ್ತದೆ. ಅದೂ ಬಾರದಿದ್ದರೆ ಸೇರುವ ಮುನ್ನ ಕಲಿತುಕೊಳ್ಳಿ. ಕೋರ್ಸ್ ಶುರುವಾದ ಮೇಲೆ ಅದಕ್ಕೆ ಬಿಡುವು ಸಿಗದು.

ಯಾವ ಭಾಷೆ ಕಲಿಯಲಿ? ಫೋರ್ಟ್ರಾನ್ ಇನ್ನೂ ಬದುಕಿದೆಯಾ?

ಬದುಕಿದೆ, ಗಟ್ಟಿಯಾಗಿಯೇ. 1957ರಲ್ಲಿ ಐಬಿಎಂನಿಂದ ಬಂದ ಭಾಷೆ ಅದು. ಹವಾಮಾನ ಮಾದರಿಗಳ ದೊಡ್ಡ ಭಾಗ ಇಂದಿಗೂ ಅದರಲ್ಲಿದೆ. ನೀವು ಪೈಥಾನ್‌ನಲ್ಲಿ ಒಂದೇ ಸಾಲು ಬರೆದು ಮ್ಯಾಟ್ರಿಕ್ಸ್ ಬಿಡಿಸುವಾಗಲೂ ತಳದಲ್ಲಿ ಓಡುವುದು ಲಾಪ್ಯಾಕ್ ಎಂಬ ಲೈಬ್ರರಿ, ಅಂದರೆ ಸಿದ್ಧ ಪ್ರೋಗ್ರಾಂಗಳ ಸಂಗ್ರಹ. 1992ರಲ್ಲಿ ಮೊದಲು ಬಿಡುಗಡೆಯಾದ ಅದನ್ನು ಬರೆದದ್ದು ಫೋರ್ಟ್ರಾನ್‌ನಲ್ಲೇ. ಅಂದಮಾತ್ರಕ್ಕೆ ನೀವು ಅದರಿಂದಲೇ ಶುರುಮಾಡಬೇಕಿಲ್ಲ.

ನನ್ನ ಸಲಹೆ: ಯೋಚಿಸಲು, ಗ್ರಾಫ್ ಬಿಡಿಸಲು ಪೈಥಾನ್, ವೇಗಕ್ಕೆ ಸಿ++ ಅಥವಾ ಫೋರ್ಟ್ರಾನ್, ಎರಡರಲ್ಲಿ ಒಂದು. 2012ರಲ್ಲಿ ಹೊರಬಂದ ಜೂಲಿಯಾ ಈ ಎರಡೂ ಲೋಕಗಳನ್ನು ಒಂದು ಮಾಡುವ ಪ್ರಯತ್ನ, ಬರೆಯಲು ಸೊಗಸಾಗಿದೆ. ಆದರೆ ನೀವು ಸೇರುವ ಗುಂಪು ಯಾವುದನ್ನು ಬಳಸುತ್ತದೋ ಅದನ್ನೇ ಕಲಿಯುತ್ತೀರಿ, ಇಷ್ಟವಿದ್ದರೂ ಇಲ್ಲದಿದ್ದರೂ. ಭಾಷೆಯ ಜಗಳದಲ್ಲಿ ಕಾಲ ಕಳೆಯುವ ಬದಲು ಪ್ರೋಗ್ರಾಂನ ಬದಲಾವಣೆಗಳ ದಾಖಲೆ ಇಡುವ ಗಿಟ್ ಬಳಸುವುದನ್ನೂ ಲಿನಕ್ಸ್ ಟರ್ಮಿನಲ್‌ನಲ್ಲಿ ಓಡಾಡುವುದನ್ನೂ ರೂಢಿಸಿಕೊಳ್ಳಿ.

ದೋಷಗಳ ಬಗ್ಗೆ ಇಷ್ಟೊಂದು ಪಾಠ ಯಾಕೆ? ಕಂಪ್ಯೂಟರ್ ತಪ್ಪು ಲೆಕ್ಕ ಮಾಡುವುದಿಲ್ಲವಲ್ಲ?

ಕಂಪ್ಯೂಟರ್ ಹೇಳಿದ್ದನ್ನು ಮಾಡುತ್ತದೆ. ಆದರೆ ನೀವು ಹೇಳಿದ ಸಂಖ್ಯೆ ಅದರ ಬಳಿ ಇರುವುದೇ ಇಲ್ಲ. ದಶಮಾಂಶದ 0.1 ಬೈನರಿಯಲ್ಲಿ ಮುಗಿಯದ ಭಿನ್ನರಾಶಿ. 1985ರಲ್ಲಿ ಬಂದ ಐಇಇಇ 754 ಮಾನದಂಡದ ಪ್ರಕಾರ ಡಬಲ್ ಪ್ರಿಸಿಷನ್ ಸಂಖ್ಯೆಗೆ 53 ಬಿಟ್‌ಗಳ ನಿಖರತೆ, ಅಂದರೆ ಸುಮಾರು 16 ದಶಮಾಂಶ ಅಂಕಿ. ಮಿಕ್ಕದ್ದನ್ನು ಕತ್ತರಿಸಲೇಬೇಕು. ಹಾಗಾಗಿಯೇ 0.1ಕ್ಕೆ 0.2 ಕೂಡಿಸಿ 0.3ಕ್ಕೆ ಸಮವೇ ಎಂದು ಕೇಳಿದರೆ ಅಲ್ಲ ಎನ್ನುತ್ತದೆ.

ಹದಿನಾರನೇ ಅಂಕಿಯಲ್ಲಿ ತಪ್ಪಿದರೆ ಏನಾಯ್ತೀಗ ಎನ್ನಬಹುದು. ಹಾಗಾದರೆ ಇದನ್ನು ನೋಡಿ. ಒಂದು ವರ್ಗ ಸಮೀಕರಣ, ಅದರ ಎರಡು ಮೂಲಗಳ ಮೊತ್ತ ಹತ್ತು ಕೋಟಿ, ಗುಣಲಬ್ಧ 1. ದೊಡ್ಡ ಮೂಲ ಹೆಚ್ಚುಕಡಿಮೆ ಹತ್ತು ಕೋಟಿ, ಚಿಕ್ಕದು ಹೆಚ್ಚುಕಡಿಮೆ ಹತ್ತು ಕೋಟಿಯಲ್ಲಿ ಒಂದು ಭಾಗ, ಅಂದರೆ 0.00000001. ಶಾಲೆಯಲ್ಲಿ ಕಲಿತ ಸೂತ್ರವನ್ನು ಹಾಗೇ ಪ್ರೋಗ್ರಾಂ ಮಾಡಿದರೆ ಚಿಕ್ಕ ಮೂಲ 0.00000000745 ಎಂದು ಬರುತ್ತದೆ. ಶೇ. 25ರಷ್ಟು ತಪ್ಪು! ಕಾರಣ, ಸೂತ್ರ ಎರಡು ದೊಡ್ಡ, ಬಹುತೇಕ ಸಮಾನ ಸಂಖ್ಯೆಗಳನ್ನು ಕಳೆಯುತ್ತದೆ. ಸರಿಯಿದ್ದ ಅಂಕಿಗಳೆಲ್ಲ ವಜಾ ಆಗಿ, ಕತ್ತರಿಸಿದ್ದರ ಶೇಷ ಮಾತ್ರ ಕೈಗೆ ಬರುತ್ತದೆ. ಪರಿಹಾರ ಸುಲಭ. ದೊಡ್ಡ ಮೂಲವನ್ನು ಸೂತ್ರದಿಂದ ತೆಗೆಯಿರಿ, 1ನ್ನು ಅದರಿಂದ ಭಾಗಿಸಿ. ಗಣಿತದ ಮಟ್ಟಿಗೆ ಎರಡೂ ದಾರಿ ಒಂದೇ. ಯಂತ್ರದ ಮೇಲೆ ಒಂದು ಸರಿ, ಇನ್ನೊಂದು ಹಾಳು. ಇಡೀ ಪದವಿಯಲ್ಲಿ ಒಂದೇ ಪಾಠ ಉಳಿಸಿಕೊಳ್ಳಬಹುದು ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ.

ಇನ್ನು ಕೆಲವು ಸಮಸ್ಯೆಗಳಲ್ಲಿ ಯಾವ ಜಾಣತನವೂ ನಡೆಯದು, ಏಕೆಂದರೆ ಸಮಸ್ಯೆಯೇ ಸೂಕ್ಷ್ಮ. ಒಂದು, ಅರ್ಧ, ಮೂರನೇ ಒಂದು ಎಂದು ಶುರುವಾಗಿ, ಪ್ರತಿ ಅಡ್ಡಸಾಲೂ ಒಂದು ಹೆಜ್ಜೆ ಮುಂದಿನಿಂದ ಆರಂಭವಾಗುವ ಹಿಲ್ಬರ್ಟ್ ಮ್ಯಾಟ್ರಿಕ್ಸ್ ಇದಕ್ಕೆ ಹೆಸರುವಾಸಿ. ಹತ್ತು ಸಾಲಿನ ಹಿಲ್ಬರ್ಟ್ ಮ್ಯಾಟ್ರಿಕ್ಸ್ ಇನ್‌ಪುಟ್‌ನ ದೋಷವನ್ನು ಹತ್ತು ಲಕ್ಷ ಕೋಟಿ ಪಟ್ಟಿಗೂ ಹೆಚ್ಚು ಹಿಗ್ಗಿಸಬಲ್ಲದು. ಹದಿನಾರು ಅಂಕಿಗಳಲ್ಲಿ ಹದಿಮೂರು ಹೋದವು, ಮೂರು ಉಳಿದವು. ಪರದೆಯ ಮೇಲೆ ಮಾತ್ರ ಹದಿನಾರೂ ಠೀವಿಯಿಂದ ನಿಂತಿರುತ್ತವೆ.

ಇವು ತರಗತಿಯ ಆಟಗಳಲ್ಲ. 1991ರ ಫೆಬ್ರುವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಒಳಬರುತ್ತಿದ್ದ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ. 28 ಸೈನಿಕರು ಸತ್ತರು. ವ್ಯವಸ್ಥೆಯ ಗಡಿಯಾರ ಸೆಕೆಂಡಿನ ಹತ್ತನೇ ಒಂದನ್ನು ಎಣಿಸುತ್ತಿತ್ತು, ಆ 0.1 ಇದ್ದದ್ದು 24 ಬಿಟ್‌ಗಳಲ್ಲಿ. ನೂರು ಗಂಟೆ ಬಿಡದೆ ಓಡಿದ ಮೇಲೆ ಕೂಡಿಬಂದ ತಪ್ಪು ಸುಮಾರು 0.34 ಸೆಕೆಂಡ್, ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೊಮೀಟರಿಗೂ ಹೆಚ್ಚು ಸಾಗುತ್ತದೆ. ಅದೇ ವರ್ಷ ಆಗಸ್ಟ್ 23ರಂದು ನಾರ್ವೆಯಲ್ಲಿ ಸ್ಲೈಪ್ನರ್ ತೈಲ ವೇದಿಕೆಯ ಕಾಂಕ್ರೀಟ್ ತಳ ಮುಳುಗಿತು. ಅಲ್ಲಿ ತಪ್ಪು ಅಂಕಿ ಕತ್ತರಿಸಿದ್ದರಲ್ಲಿರಲಿಲ್ಲ, ಜಾಲರಿಯಲ್ಲಿತ್ತು: ವಸ್ತುವನ್ನು ಸಣ್ಣ ತುಂಡುಗಳ ಜಾಲರಿಯಾಗಿ ಒಡೆದು ಮಾಡುವ ಫೈನೈಟ್ ಎಲಿಮೆಂಟ್ ಲೆಕ್ಕ ಒಂದು ಗೋಡೆಯ ಮೇಲಿನ ಕತ್ತರಿ ಬಲವನ್ನು (ಶಿಯರ್) ಶೇ. 47ರಷ್ಟು ಕಡಿಮೆ ಅಂದಾಜಿಸಿತ್ತು. ಅವಘಡದ ನಂತರ ಸೂಕ್ಷ್ಮವಾಗಿ ಲೆಕ್ಕ ಮಾಡಿದಾಗ 62 ಮೀಟರ್ ಆಳದಲ್ಲಿ ಒಡೆಯುತ್ತದೆ ಎಂದು ಬಂತು. ಒಡೆದದ್ದು 65 ಮೀಟರ್‌ನಲ್ಲಿ. ಅಂದರೆ ವಿಧಾನ ಸರಿಯಿತ್ತು, ಬಳಸಿದ ರೀತಿ ತಪ್ಪಿತ್ತು.

ಎಲ್ಲದಕ್ಕೂ ಲೈಬ್ರರಿ ಇರುವಾಗ ನಾವೇ ಯಾಕೆ ಬರೆಯಬೇಕು?

ಪರೀಕ್ಷೆ ಮುಗಿದ ಮೇಲೆ ಬರೆಯಬೇಡಿ, ಲೈಬ್ರರಿಯನ್ನೇ ಬಳಸಿ. ನೀವು ಬರೆದದ್ದು ಅದಕ್ಕಿಂತ ನಿಧಾನ, ಅದಕ್ಕಿಂತ ಕಡಿಮೆ ಪರೀಕ್ಷೆಗೊಳಪಟ್ಟದ್ದು. ಆದರೆ ಯಾವ ಗುಂಡಿ ಒತ್ತಬೇಕೆಂದು ತಿಳಿಯಲು ಒಳಗೇನಿದೆ ಎಂದು ಒಮ್ಮೆಯಾದರೂ ನೋಡಿರಬೇಕು.

ಹತ್ತು ಲಕ್ಷ ಅಜ್ಞಾತಗಳ ಮ್ಯಾಟ್ರಿಕ್ಸನ್ನು ಪೂರ್ತಿಯಾಗಿ ಮೆಮೊರಿಯಲ್ಲಿಡಲು 8 ಟೆರಾಬೈಟ್ ಬೇಕು. ಆದರೆ ಅವಕಲ ಸಮೀಕರಣಗಳಿಂದ ಬರುವ ಮ್ಯಾಟ್ರಿಕ್ಸ್‌ಗಳಲ್ಲಿ ಬಹುಪಾಲು ಸೊನ್ನೆಯೇ. ಮೂರು ಆಯಾಮದ ಸರಳ ಜಾಲರಿಯಲ್ಲಿ ಒಂದು ಸಾಲಿಗೆ ಏಳು ಸಂಖ್ಯೆ. ಸೊನ್ನೆಗಳನ್ನು ಬಿಟ್ಟು ಇಟ್ಟರೆ ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಹಿಡಿಸುತ್ತದೆ. ಬಿಡಿಸಲು 1952ರಲ್ಲಿ ಹೆಸ್ಟೆನೆಸ್ ಮತ್ತು ಸ್ಟೀಫೆಲ್ ಪ್ರಕಟಿಸಿದ ಕಾಂಜುಗೇಟ್ ಗ್ರೇಡಿಯಂಟ್ ವಿಧಾನ ಇದೆ, ಆದರೆ ಮ್ಯಾಟ್ರಿಕ್ಸ್ ಸಮ್ಮಿತಿಯಾಗಿದ್ದು ಪಾಸಿಟಿವ್ ಡೆಫಿನಿಟ್ ಆಗಿದ್ದರೆ ಮಾತ್ರ. ಆಗಿಲ್ಲದಿದ್ದರೆ ಬೇರೆಯದು. ಅಂತೂ ಲೈಬ್ರರಿಯಲ್ಲಿ ಆಯ್ಕೆಗಳ ಸಾಲೇ ಇದೆ, ಆರಿಸುವವರು ನೀವು. ಇದೇ ಮಾತಿನಲ್ಲಿ ಇನ್ನೊಂದು: ಮ್ಯಾಟ್ರಿಕ್ಸ್‌ನ ವಿಲೋಮ ಕಂಡುಹಿಡಿದು ಗುಣಿಸುವ ಚಟ ಇದ್ದರೆ ಬಿಟ್ಟುಬಿಡಿ.

ಸೂಪರ್ ಕಂಪ್ಯೂಟರ್ ಮೇಲೆ ಕೆಲಸ ಮಾಡುವ ಅವಕಾಶ ಸಿಗುತ್ತದಾ?

ಬಹಳಷ್ಟು ಕಡೆ ಸಿಗುತ್ತದೆ, ಕನಿಷ್ಠ ಒಂದು ಚಿಕ್ಕ ಕ್ಲಸ್ಟರ್ (ಒಟ್ಟಿಗೆ ಜೋಡಿಸಿದ ಯಂತ್ರಗಳ ಗುಂಪು) ಮೇಲಾದರೂ. ಬೇರೆ ಬೇರೆ ಯಂತ್ರಗಳ ನಡುವೆ ಮಾತುಕತೆಗೆ ಎಂಪಿಐ, ಒಂದೇ ಯಂತ್ರದ ಹಲವು ಕೋರ್‌ಗಳಿಗೆ ಓಪನ್‌ಎಂಪಿ, ಜಿಪಿಯುಗೆ (ಗ್ರಾಫಿಕ್ಸ್ ಚಿಪ್‌ಗೆ) ಕುಡಾ (CUDA) ಅಥವಾ ಅಂಥದ್ದೇ ಇನ್ನೊಂದನ್ನು ಕಲಿಸುತ್ತಾರೆ. ಮೊದಲ ಪ್ರೋಗ್ರಾಂ ಓಡಿಸಿದಾಗ ಎಲ್ಲರಿಗೂ ಆಗುವ ನಿರಾಸೆ ಒಂದೇ: 64 ಕೋರ್ ಕೊಟ್ಟರೂ 64 ಪಟ್ಟು ವೇಗವಾಗುವುದಿಲ್ಲ. 1967ರಲ್ಲಿ ಜೀನ್ ಆಮ್ಡಾಲ್ ಮುಂದಿಟ್ಟ ವಾದ ಇದನ್ನೇ ಹೇಳುತ್ತದೆ. ಕೆಲಸದ ಶೇ. 5 ಭಾಗವನ್ನು ಹಂಚಲಾಗದಿದ್ದರೆ 64 ಕೋರ್‌ಗಳಿಂದ ಸುಮಾರು 15 ಪಟ್ಟು ಸಿಗುತ್ತದೆ. ಲಕ್ಷ ಕೋರ್ ಕೊಟ್ಟರೂ 20 ಪಟ್ಟು ದಾಟದು.

ಹಾಗೆ ನೋಡಿದರೆ ಕೋರ್‌ಗಳನ್ನು ಹೆಚ್ಚಿಸುವ ಮುನ್ನ ಮೆಮೊರಿಯ ಕಡೆ ನೋಡುವುದು ಲಾಭ. ಸಿ ಭಾಷೆ ಮ್ಯಾಟ್ರಿಕ್ಸನ್ನು ಅಡ್ಡಸಾಲಿನಂತೆ ಇಡುತ್ತದೆ, ಫೋರ್ಟ್ರಾನ್ ಕಂಬಸಾಲಿನಂತೆ. ಲೂಪ್‌ಗಳನ್ನು ಅದಲುಬದಲು ಬರೆದರೆ ಅದೇ ಲೆಕ್ಕ ಹಲವು ಪಟ್ಟು ನಿಧಾನವಾಗಬಹುದು.

ಎಂಥ ಲ್ಯಾಪ್‌ಟಾಪ್ ಬೇಕು?

ಲಿನಕ್ಸ್ ಓಡುವ ಯಾವುದಾದರೂ. ಭಾರಿ ಲೆಕ್ಕಗಳು ಕ್ಲಸ್ಟರ್ ಮೇಲೆ ನಡೆಯುತ್ತವೆ. ದುಬಾರಿ ಗ್ರಾಫಿಕ್ಸ್ ಕಾರ್ಡ್‌ಗೆ ಹಣ ಸುರಿಯಬೇಡಿ.

ಎಐ ಬಂದ ಮೇಲೂ ಇದನ್ನೆಲ್ಲ ಓದುವುದರಲ್ಲಿ ಅರ್ಥವಿದೆಯಾ?

ಈ ಪ್ರಶ್ನೆಯನ್ನು ಈಗ ಎಲ್ಲರೂ ಕೇಳುತ್ತಾರೆ, ಕೇಳಬೇಕಾದದ್ದೇ. 2023ರಲ್ಲಿ ಪ್ರಕಟವಾದ ಗ್ರಾಫ್‌ಕಾಸ್ಟ್‌ನಂಥ ಎಐ ಮಾದರಿಗಳು ಹತ್ತು ದಿನದ ಹವಾಮಾನ ಮುನ್ಸೂಚನೆಯನ್ನು ಒಂದು ನಿಮಿಷದೊಳಗೆ ಕೊಡುತ್ತವೆ, ಹಲವು ಅಳತೆಗಳಲ್ಲಿ ಸಾಂಪ್ರದಾಯಿಕ ಮಾದರಿಯನ್ನು ಮೀರಿಸಿಯೂ ಇವೆ. ಇದನ್ನು ಅಲ್ಲಗಳೆಯುವುದು ಮೊಂಡುತನ. ಆದರೆ ಅದು ಕಲಿತದ್ದು ಎಲ್ಲಿಂದ? ಇಆರ್‌ಎ5 ಎಂಬ ದಶಕಗಳ ದತ್ತಾಂಶದಿಂದ; ಅದನ್ನು ತಯಾರಿಸಿದ್ದು ವೀಕ್ಷಣೆಗಳನ್ನು ಸಮೀಕರಣ ಆಧಾರಿತ ಮಾದರಿಯೊಂದಿಗೆ ಬೆಸೆಯುವ ಹಳೆಯ ವಿಧಾನ. ಅಷ್ಟು ವೀಕ್ಷಣೆಗಳೇ ಇಲ್ಲದ ಕಡೆ, ಹಿಂದೆಂದೂ ಕಟ್ಟದ ರಿಯಾಕ್ಟರ್‌ನ ಒಳಗೆ, ಏನನ್ನು ನೋಡಿ ಕಲಿಯುವುದು?

ಪ್ರೋಗ್ರಾಂ ಬರೆಯುವ ಎಐ ವಿಷಯ ಬೇರೆ. ನಾನು ಬಳಸುತ್ತೇನೆ, ನೀವೂ ಬಳಸುತ್ತೀರಿ. ಮೇಲೆ ಹೇಳಿದ ವರ್ಗ ಸಮೀಕರಣದ ಪ್ರೋಗ್ರಾಂ ಕೇಳಿದರೆ ಅಚ್ಚುಕಟ್ಟಾದ, ಕಾಮೆಂಟ್ ಸಹಿತವಾದ ಶಾಲಾ ಸೂತ್ರವೇ ಬರಬಹುದು. ಅದು ಎಲ್ಲಿ ಕೈಕೊಡುತ್ತದೆ ಎಂದು ಗೊತ್ತಿದ್ದವರಷ್ಟೇ ಮುಂದಿನ ಪ್ರಶ್ನೆ ಕೇಳಬಲ್ಲರು.

ಯಾವ ವಿಷಯದಲ್ಲಿ ಹೆಚ್ಚು ಜನ ಎಡವುತ್ತಾರೆ?

ಫೈನೈಟ್ ಎಲಿಮೆಂಟ್ ವಿಧಾನದ ಸಿದ್ಧಾಂತದಲ್ಲಿ. ಅದಕ್ಕೆ ಫಂಕ್ಷನಲ್ ಅನಾಲಿಸಿಸ್ ಬೇಕು. ಎಂಜಿನಿಯರಿಂಗ್‌ನಿಂದ ಬಂದವರು ಅದರ ಹೆಸರನ್ನೂ ಕೇಳಿರುವುದಿಲ್ಲ. ಐಚ್ಛಿಕವಾಗಿದ್ದರೂ ಮೊದಲೇ ತೆಗೆದುಕೊಳ್ಳಿ.

ಥೀಸಿಸ್ ವಿಷಯ ಆರಿಸುವುದು ಹೇಗೆ?

ವಿಷಯಕ್ಕಿಂತ ಮೊದಲು ಮಾರ್ಗದರ್ಶಕರನ್ನು ಆರಿಸಿ. ವಾರಕ್ಕೊಮ್ಮೆ ಅರ್ಧ ಗಂಟೆ ಕೊಡುವ ಸಾಧಾರಣ ಹೆಸರಿನವರು, ತಿಂಗಳುಗಟ್ಟಲೆ ಕೈಗೆ ಸಿಗದ ದೊಡ್ಡ ಹೆಸರಿನವರಿಗಿಂತ ಮೇಲು. ಅವರ ಹಿಂದಿನ ವಿದ್ಯಾರ್ಥಿಗಳನ್ನು ಕೇಳಿದರೆ ಸತ್ಯ ತಿಳಿಯುತ್ತದೆ.

ಆಮೇಲೆ ಕೇಳಬೇಕಾದದ್ದು: ಈ ಕೆಲಸದಲ್ಲಿ ನನ್ನ ಉತ್ತರ ಸರಿಯೆಂದು ಹೇಗೆ ತೋರಿಸುತ್ತೇನೆ? ಹೋಲಿಸಲು ಪ್ರಯೋಗದ ಅಂಕಿಗಳಿವೆಯೇ, ಬೇರೆಯವರ ಲೆಕ್ಕವಿದೆಯೇ? ಎರಡೂ ಇಲ್ಲದಿದ್ದರೆ ಕನಿಷ್ಠ ಕಟ್ಟಿದ ಉತ್ತರದ ವಿಧಾನವಾದರೂ ನಡೆಯುತ್ತದೆಯೇ — ಅಂದರೆ ಮೊದಲು ಉತ್ತರವನ್ನು ಇಟ್ಟುಕೊಂಡು, ಅದಕ್ಕೆ ತಕ್ಕ ಸಮೀಕರಣ ಮಾಡಿ, ಪ್ರೋಗ್ರಾಂ ಆ ಉತ್ತರಕ್ಕೇ ಮರಳುತ್ತದೆಯೇ ಎಂದು ನೋಡುವುದು. ಇದರಿಂದ ಪ್ರೋಗ್ರಾಂ ಸಮೀಕರಣವನ್ನು ಸರಿಯಾಗಿ ಬಿಡಿಸುತ್ತಿದೆ ಎಂದಷ್ಟೇ ತಿಳಿಯುತ್ತದೆ. ಸಮೀಕರಣವೇ ವಾಸ್ತವಕ್ಕೆ ಹೊಂದುತ್ತದೆಯೇ ಎಂಬುದು ಪ್ರತ್ಯೇಕ ಪ್ರಶ್ನೆ. ಮೌಖಿಕ ಪರೀಕ್ಷೆಯಲ್ಲಿ ಈ ಎರಡನ್ನೂ ಬೆರೆಸಿ ಮಾತಾಡಿದರೆ ಪರೀಕ್ಷಕರು ಬಿಡುವುದಿಲ್ಲ.

ಬಣ್ಣಬಣ್ಣದ ಚಿತ್ರಗಳಿಂದ ಯಾರೂ ಮರುಳಾಗುವುದಿಲ್ಲ, ಜಾಲರಿಯನ್ನು ಸಣ್ಣದು ಮಾಡುತ್ತ ಹೋದಂತೆ ದೋಷ ಎಷ್ಟು ಇಳಿಯಿತು ಎನ್ನುವ ಒಂದು ಗ್ರಾಫ್ ಕಡ್ಡಾಯವಾಗಿ ಇರಲಿ.

ಮುಂದೆ ಕೆಲಸ? ಪಿಎಚ್‌ಡಿ ಮಾಡಲೇಬೇಕಾ?

ಬೇಕಿಲ್ಲ. ವಾಹನ ಮತ್ತು ವಿಮಾನ ತಯಾರಕರು, ಸಿಮ್ಯುಲೇಷನ್ ಸಾಫ್ಟ್‌ವೇರ್ ಕಂಪನಿಗಳು, ಹವಾಮಾನ ಸಂಸ್ಥೆಗಳು, ಚಿಪ್ ವಿನ್ಯಾಸ, ವೈದ್ಯಕೀಯ ಇಮೇಜಿಂಗ್, ಹಣಕಾಸು ಮಾದರಿಗಳು, ಎಲ್ಲ ಕಡೆ ಈ ವಿದ್ಯೆಗೆ ಜಾಗವಿದೆ. ಹುದ್ದೆಯ ಹೆಸರಿನಲ್ಲಿ ಸೈಂಟಿಫಿಕ್ ಕಂಪ್ಯೂಟಿಂಗ್ ಎಂದು ಇರುವುದು ಅಪರೂಪ. ಸಿಮ್ಯುಲೇಷನ್ ಎಂಜಿನಿಯರ್, ನ್ಯೂಮರಿಕಲ್ ಡೆವಲಪರ್, ಕ್ವಾಂಟ್ (ಹಣಕಾಸು ಮಾದರಿಗಳನ್ನು ಕಟ್ಟುವವರು) ಎಂದೆಲ್ಲ ಹುಡುಕಿ. ಹೊಸ ವಿಧಾನಗಳನ್ನೇ ಕಟ್ಟುವ ಆಸೆಯಿದ್ದರೆ ಪಿಎಚ್‌ಡಿ ದಾರಿ. ಇರುವ ವಿಧಾನಗಳನ್ನು ಬಳಸಿ ಕೆಲಸ ಮಾಡುವುದಾದರೆ ಸ್ನಾತಕೋತ್ತರ ಪದವಿ ಸಾಕು.

ಸೇರುವ ಮುನ್ನ ರಜೆಯಲ್ಲಿ ಏನು ಮಾಡಲಿ?

ಸೂರ್ಯನ ಸುತ್ತ ಒಂದು ಗ್ರಹವನ್ನು ತಿರುಗಿಸಿ. ನ್ಯೂಟನ್‌ನ ನಿಯಮ ಸಾಕು, ಬೇರೆ ಗ್ರಹಗಳು ಬೇಡ. ಕಾಲದಲ್ಲಿ ಹೆಜ್ಜೆ ಹೆಜ್ಜೆಯಾಗಿ ಮುಂದೆ ಸಾಗುವ ಮೂರು ವಿಧಾನಗಳಲ್ಲಿ ಅದನ್ನು ಮಾಡಿ ನೋಡಿ: ಮೊದಲು ಎಲ್ಲಕ್ಕಿಂತ ಸರಳವಾದ ಆಯ್ಲರ್ ವಿಧಾನದಲ್ಲಿ ಬರೆಯಿರಿ. ಗ್ರಹ ಸುರುಳಿ ಸುತ್ತುತ್ತ ಹೊರಗೆ ಹೋಗುವುದನ್ನು ನೋಡುತ್ತೀರಿ. ನಂತರ ನಾಲ್ಕನೇ ದರ್ಜೆಯ ರುಂಗ-ಕುಟ್ಟಾ, ಆಮೇಲೆ ಲೀಪ್‌ಫ್ರಾಗ್. ಒಂದು ಸುತ್ತಿನ ಕೊನೆಯ ದೋಷವನ್ನು ಅಳೆದು, ಹೆಜ್ಜೆಯನ್ನು ಅರ್ಧ ಮಾಡಿ ಮತ್ತೆ ಅಳೆಯಿರಿ. ಹೆಜ್ಜೆ ಸಾಕಷ್ಟು ಚಿಕ್ಕದಾದ ಮೇಲೆ ಆಯ್ಲರ್‌ನಲ್ಲಿ ದೋಷ ಸುಮಾರು ಅರ್ಧ, ಲೀಪ್‌ಫ್ರಾಗ್‌ನಲ್ಲಿ ಕಾಲು, ರುಂಗ-ಕುಟ್ಟಾದಲ್ಲಿ ಹದಿನಾರನೇ ಒಂದು ಭಾಗ ಆಗಬೇಕು. ಆಗದಿದ್ದರೆ ಪ್ರೋಗ್ರಾಂನಲ್ಲಿ ತಪ್ಪಿದೆ, ಹುಡುಕಿ.

ಕೊನೆಗೆ ಹೆಜ್ಜೆಯನ್ನು ಸ್ವಲ್ಪ ದೊಡ್ಡದಿಟ್ಟು ಸಾವಿರಾರು ಸುತ್ತು ಓಡಿಸಿ, ಒಟ್ಟು ಶಕ್ತಿಯ ಗ್ರಾಫ್ ಹಾಕಿ. ರುಂಗ-ಕುಟ್ಟಾದಲ್ಲಿ ಶಕ್ತಿ ಮೆಲ್ಲಗೆ ಒಂದೇ ದಿಕ್ಕಿಗೆ ಜಾರುತ್ತದೆ. ದರ್ಜೆಯಲ್ಲಿ ಕೆಳಗಿರುವ ಲೀಪ್‌ಫ್ರಾಗ್‌ನಲ್ಲಿ ಮೇಲೆ ಕೆಳಗೆ ತೂಗುತ್ತದೆಯೇ ಹೊರತು ಜಾರುವುದಿಲ್ಲ. ಯಾಕೆ ಎಂದು ಪುಸ್ತಕ ತೆರೆಯುವ ಮುನ್ನ ಒಂದೆರಡು ದಿನ ನೀವೇ ತಲೆ ಕೆರೆದುಕೊಳ್ಳಿ.